‘ಬಿಡುವಿನಲ್ಲಿ ಏನು ಮಾಡುವಿರಿ?’: ಇಂಗ್ಲಿಷ್ ಸಂಭಾಷಣೆಯ ಒಂದು ಪ್ರಶ್ನೆಯ ಚಾರಿತ್ರಿಕ ಹಿನ್ನೆಲೆ

1

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವ ಪಠ್ಯಪುಸ್ತಕಗಳಲ್ಲಿ ಹೆಸರು, ಊರು, ಕುಟುಂಬಗಳ ಪರಿಚಯ ಮುಗಿಯುತ್ತಿದ್ದಂತೆ ತಪ್ಪದೆ ಬರುವ ಪಾಠವೊಂದುಂಟು. ‘ವಾಟ್ ಡು ಯು ಡು ಇನ್ ಯುವರ್ ಫ್ರೀ ಟೈಮ್?’ ಎಂದು ಒಬ್ಬರು ಕೇಳುತ್ತಾರೆ. ಈಜು, ಓದು, ತೋಟಗಾರಿಕೆ ಎಂದು ಇನ್ನೊಬ್ಬರು ಉತ್ತರಿಸುತ್ತಾರೆ. ಶಿಕ್ಷಕರ ದೃಷ್ಟಿಯಲ್ಲಿ ಇದು ವರ್ತಮಾನಕಾಲದ ಕ್ರಿಯಾರೂಪಗಳನ್ನೂ ‘ಗೋ’, ‘ಪ್ಲೇ’, ‘ಡೂ’ ಎಂಬ ಮೂರು ಕ್ರಿಯಾಪದಗಳ ಬಳಕೆಯ ಭೇದವನ್ನೂ ಅಭ್ಯಾಸ ಮಾಡಿಸುವ ಸುಲಭ ಸಾಧನ. ಈ ಕಾರಣದಿಂದಲೇ ಪ್ರಶ್ನೆಯ ಹಿಂದಿರುವ ಚರಿತ್ರೆಯತ್ತ ಗಮನ ಹರಿಯುವುದು ಕಡಿಮೆ.

ಈ ಪ್ರಶ್ನೆ ಮೂರು ಸಂಗತಿಗಳನ್ನು ಸಿದ್ಧವೆಂದು ಭಾವಿಸುತ್ತದೆ. ಮನುಷ್ಯನ ಕಾಲವು ದುಡಿಮೆಯ ಕಾಲ, ಬಿಡುವಿನ ಕಾಲ ಎಂದು ಸ್ಪಷ್ಟವಾಗಿ ಒಡೆದುಕೊಂಡಿದೆ ಎಂಬುದು ಮೊದಲನೆಯದು. ಬಿಡುವಿನ ಕಾಲಕ್ಕೆ ಅವನೇ ಒಡೆಯ ಎಂಬುದು ಎರಡನೆಯದು. ಅಪರಿಚಿತರಿಬ್ಬರು ಪರಸ್ಪರ ನೋಯಿಸದೆ ಮಾತಾಡಲು ಈ ಕಾಲವೇ ತಕ್ಕ ನೆಲೆ ಎಂಬುದು ಮೂರನೆಯದು. ಈ ಮೂರೂ ಇಂಗ್ಲೆಂಡಿನಲ್ಲಿ ಸುಮಾರು ಮೂರು ಶತಮಾನಗಳ ಅವಧಿಯಲ್ಲಿ, ಬಹುಮಟ್ಟಿಗೆ ಸಂಘರ್ಷದ ಮೂಲಕವೇ, ರೂಪುಗೊಂಡವು. ಆ ಬೆಳವಣಿಗೆಯ ಮುಖ್ಯ ಘಟ್ಟಗಳನ್ನು ಗುರುತಿಸಿ, ಪ್ರಶ್ನೆಯು ನಮ್ಮಲ್ಲಿಗೆ ಬಂದಾಗ ಅದರ ಅರ್ಥದಲ್ಲಿ ಆದ ವ್ಯತ್ಯಾಸವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲಿಗೆ ‘ಹಾಬಿ’ ಎಂಬ ಶಬ್ದವನ್ನು ನೋಡಬಹುದು. ಮಧ್ಯಯುಗದ ಇಂಗ್ಲಿಷಿನಲ್ಲಿ ಇದು ಸಣ್ಣ ಜಾತಿಯ ಕುದುರೆಗೆ ಇದ್ದ ಹೆಸರು. ಅದರಿಂದ ‘ಹಾಬಿ ಹಾರ್ಸ್’ ಎಂಬ ಸಮಾಸ ಹುಟ್ಟಿತು. ಇಂಗ್ಲೆಂಡಿನ ಮಾರಿಸ್ ಎಂಬ ಜನಪದ ಕುಣಿತದಲ್ಲಿ ಕುದುರೆಯ ಆಕೃತಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಕುಣಿಯುವ ವೇಷಕ್ಕೆ ಈ ಹೆಸರಿತ್ತು. ನಮ್ಮ ಕೀಲುಕುದುರೆಯನ್ನೋ ತಮಿಳುನಾಡಿನ ಪೊಯ್‌ಕ್ಕಾಲ್ ಕುದಿರೈಯನ್ನೋ ಕಂಡವರಿಗೆ ಅದರ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಮಕ್ಕಳು ಕೋಲಿನ ತುದಿಗೆ ಕುದುರೆಯ ತಲೆಯನ್ನು ಸಿಕ್ಕಿಸಿಕೊಂಡು ಓಡುವ ಆಟಿಕೆಗೂ ಇದೇ ಹೆಸರು ಬಂದಿತು. ಎಷ್ಟು ಓಡಿಸಿದರೂ ಸವಾರನನ್ನು ಎಲ್ಲಿಗೂ ಒಯ್ಯದ ಕುದುರೆ ಇದು. ಈ ಲಕ್ಷಣದಿಂದಲೇ, ಪ್ರಯೋಜನವಿಲ್ಲದಿದ್ದರೂ ಮನುಷ್ಯ ಬಿಡದೆ ಹಿಡಿದ ಗೀಳು ಎಂಬ ಲಾಕ್ಷಣಿಕ ಅರ್ಥ ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಶಬ್ದಕ್ಕೆ ಸೇರಿತು. ಆರಂಭದಲ್ಲಿ ಅದು ಹಾಸ್ಯದ ಮಾತು, ಪ್ರಶಂಸೆಯ ಮಾತಲ್ಲ.

ಈ ಅರ್ಥಕ್ಕೆ ಸಾಹಿತ್ಯದಲ್ಲಿ ನೆಲೆ ಒದಗಿಸಿದವನು ಲಾರೆನ್ಸ್ ಸ್ಟರ್ನ್. 1759ರಿಂದ 1767ರವರೆಗೆ ಒಂಬತ್ತು ಸಂಪುಟಗಳಲ್ಲಿ ಪ್ರಕಟವಾದ ಅವನ ‘ಟ್ರಿಸ್ಟ್ರಮ್ ಶ್ಯಾಂಡಿ’ ಕಾದಂಬರಿಯ ಅಂಕಲ್ ಟೋಬಿ ನಾಮೂರ್ ಕೋಟೆಯ ಮುತ್ತಿಗೆಯಲ್ಲಿ ಗಾಯಗೊಂಡ ಸೈನಿಕ. ನೋಡಲು ಬಂದವರು ಗಾಯವಾದದ್ದು ಎಲ್ಲಿ, ಹೇಗೆ ಎಂದು ಕೇಳುತ್ತಾರೆ. ಕೋಟೆಯ ಕಂದಕ, ಕೊತ್ತಲಗಳ ವಿವರಣೆಯಲ್ಲಿ ಸಿಕ್ಕಿಕೊಂಡು ಅವನು ತಾನೇ ದಾರಿ ತಪ್ಪುತ್ತಾನೆ. ಆ ತೊಡಕಿನಿಂದ ಪಾರಾಗಲು ನಕ್ಷೆಯೊಂದನ್ನು ತರಿಸಿಕೊಳ್ಳುತ್ತಾನೆ. ನಕ್ಷೆಯಿಂದ ಗ್ರಂಥಗಳಿಗೂ ಗ್ರಂಥಗಳಿಂದ ಮನೆಯ ಬಯಲಿನಲ್ಲಿ ಕೋಟೆಗಳ ಪ್ರತಿಕೃತಿ ಕಟ್ಟುವುದಕ್ಕೂ ಅವನ ಗೀಳು ಬೆಳೆಯುತ್ತದೆ. ಈ ಹಾಬಿಯ ಮೂಲ ಒಂದು ಸಂಭಾಷಣೆಯ ಸೋಲಿನಲ್ಲಿದೆ ಎಂಬುದು ಗಮನಾರ್ಹ. ಪರರನ್ನು ಬಲವಂತವಾಗಿ ಹತ್ತಿಸಿಕೊಳ್ಳದಿರುವವರೆಗೆ ಯಾರು ಯಾವ ಕುದುರೆಯನ್ನೇರಿದರೂ ಆಕ್ಷೇಪಿಸಬಾರದು ಎಂಬ ಸಹನೆಯ ನಿಲುವು ಕೃತಿಯುದ್ದಕ್ಕೂ ಕಾಣುತ್ತದೆ. ಮುಂದೆ ಇಂಗ್ಲಿಷ್ ಸಂಭಾಷಣೆಯಲ್ಲಿ ಅಲಿಖಿತ ನಿಯಮವಾಗಿ ನೆಲೆಸಿದ್ದು ಈ ನಿಲುವೇ. ಹತ್ತೊಂಬತ್ತನೆಯ ಶತಮಾನದಲ್ಲಿ ‘ಹಾರ್ಸ್’ ಬಿದ್ದುಹೋಗಿ ‘ಹಾಬಿ’ ಮಾತ್ರ ಉಳಿಯಿತು. ಹಾಸ್ಯದ ಛಾಯೆಯೂ ಕ್ರಮೇಣ ಮಾಸಿತು.

3

ಶಬ್ದ ಗೌರವ ಪಡೆಯಬೇಕಾದರೆ ಅದಕ್ಕೆ ಆಸರೆಯಾದ ಕಾಲ ಜನರಿಗೆ ದೊರೆಯಬೇಕಾಗಿತ್ತು. ಇಂಗ್ಲಿಷಿನಲ್ಲಿ ಬಿಡುವಿಗಿರುವ ‘ಲೀಷರ್’ ಎಂಬ ಶಬ್ದದ ಮೂಲ, ಫ್ರೆಂಚ್ ಭಾಷೆಯ ಮೂಲಕ ಬಂದ, ‘ಅನುಮತಿ ಇದೆ’ ಎಂಬರ್ಥದ ಲ್ಯಾಟಿನ್ ಕ್ರಿಯಾಪದ. ಅನುಮತಿ ಎಂದ ಮೇಲೆ ಅದನ್ನು ಕೊಡುವವರು ಯಾರು ಎಂಬ ಪ್ರಶ್ನೆ ಸಹಜ. 1618ರಲ್ಲಿ ಒಂದನೆಯ ಜೇಮ್ಸ್ ದೊರೆ ಹೊರಡಿಸಿದ ಘೋಷಣೆಯೊಂದು ಭಾನುವಾರದ ಪೂಜೆಯ ಅನಂತರ ಕುಣಿತ, ಬಿಲ್ಲುಗಾರಿಕೆ, ಮಾರಿಸ್ ಮುಂತಾದ ವಿನೋದಗಳಿಗೆ ಪ್ರಜೆಗಳಿಗೆ ಅವಕಾಶವಿದೆಯೆಂದು ಸಾರಿತು. 1633ರಲ್ಲಿ ಒಂದನೆಯ ಚಾರ್ಲ್ಸ್ ಅದನ್ನು ಮತ್ತೆ ಹೊರಡಿಸಿದನು. ಶುದ್ಧಾಚಾರವಾದಿಗಳಾದ ಪ್ಯೂರಿಟನ್ನರಿಗೆ ಇದು ಭಾನುವಾರದ ಪಾವಿತ್ರ್ಯಕ್ಕೆ ಬಂದ ಅಪಚಾರ. 1643ರಲ್ಲಿ ಪಾರ್ಲಿಮೆಂಟು ಆ ಪುಸ್ತಕವನ್ನು ಸುಡುವಂತೆ ಆಜ್ಞಾಪಿಸಿತು. ಬಡವನ ಬಿಡುವು ರಾಜಾಜ್ಞೆ ಮತ್ತು ಧರ್ಮಾಜ್ಞೆಗಳ ನಡುವಿನ ವಿವಾದದ ವಸ್ತುವಾಗಿತ್ತೇ ಹೊರತು ಅವನ ಸ್ವಂತ ಸೊತ್ತಾಗಿರಲಿಲ್ಲ.

ಯಂತ್ರೋದ್ಯಮದ ಕಾಲದಲ್ಲಿ ವಿವಾದ ಬೇರೆ ರೂಪ ತಾಳಿತು. ಬೇಸಾಯದಲ್ಲೂ ಮನೆಯ ಮಗ್ಗದಲ್ಲೂ ಕೆಲಸ ಮತ್ತು ವಿರಾಮಗಳು ಹೆಣೆದುಕೊಂಡೇ ಇರುತ್ತಿದ್ದವು. ವಾರದ ಕೂಲಿ ಕೈಸೇರಿದ ಮೇಲೆ ಸೋಮವಾರವೂ ಕೆಲಸಕ್ಕೆ ಹೋಗದಿರುವ ರೂಢಿ ಕುಶಲಕರ್ಮಿಗಳಲ್ಲಿತ್ತು. ವಿನೋದಕ್ಕೆ ಅದನ್ನು ‘ಸಂತ ಸೋಮವಾರ’ ಎನ್ನುತ್ತಿದ್ದರು. ಕಾರ್ಖಾನೆಯ ಗಡಿಯಾರ ಈ ಹೆಣಿಗೆಯನ್ನು ಕತ್ತರಿಸಿತು. ಇ. ಪಿ. ಥಾಂಪ್ಸನ್ 1967ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿದಂತೆ, ಕೆಲಸವನ್ನು ಅನುಸರಿಸುತ್ತಿದ್ದ ಕಾಲ ಈಗ ಹಣದಂತೆ ಎಣಿಸುವ ವಸ್ತುವಾಯಿತು. ಇಂದಿಗೂ ಇಂಗ್ಲಿಷಿನಲ್ಲಿ ಕಾಲಕ್ಕೆ ಬಳಸುವ ‘ಸ್ಪೆಂಡ್’, ‘ಸೇವ್’ ಎಂಬ ಕ್ರಿಯಾಪದಗಳು ಹಣಕ್ಕೆ ಬಳಸುವಂಥವೇ. ‘ಸ್ಪೇರ್ ಟೈಮ್’ ಎಂಬಲ್ಲಿ ಬಿಡುವು ಎಂದರೆ ಲೆಕ್ಕ ತೀರಿಸಿದ ಮೇಲೆ ಮಿಕ್ಕ ಶಿಲ್ಕು.

ಈ ಶಿಲ್ಕಿಗಾಗಿ ಕಾರ್ಮಿಕರು ಹೋರಾಡಬೇಕಾಯಿತು. 1847ರ ಶಾಸನ ಬಟ್ಟೆಗಿರಣಿಗಳಲ್ಲಿ ಹೆಂಗಸರ ಹಾಗೂ ಹದಿನೆಂಟು ವರ್ಷದೊಳಗಿನವರ ದುಡಿಮೆಯನ್ನು ದಿನಕ್ಕೆ 10 ಗಂಟೆಗಳಿಗೆ ಮಿತಗೊಳಿಸಿತು. 1850ರ ಶಾಸನದಂತೆ ಅವರ ಶನಿವಾರದ ಕೆಲಸ ಮಧ್ಯಾಹ್ನ 2 ಗಂಟೆಗೆ ಮುಗಿಯತಕ್ಕದ್ದು. ಶನಿವಾರ ಮಧ್ಯಾಹ್ನದ ಫುಟ್‌ಬಾಲ್ ಪಂದ್ಯಗಳ ಸಂಪ್ರದಾಯಕ್ಕೆ ಹಿನ್ನೆಲೆಯಾದದ್ದು ಈ ಅರ್ಧದಿನದ ರಜೆ. 1871ರಲ್ಲಿ ಬ್ಯಾಂಕ್ ರಜಾದಿನಗಳ ಶಾಸನ ಬಂದಿತು. ಅದನ್ನು ಮಂಡಿಸಿದ ಸರ್ ಜಾನ್ ಲಬಕ್ ವೃತ್ತಿಯಿಂದ ಬ್ಯಾಂಕರ್. ಬಿಡುವಿನ ವೇಳೆಯಲ್ಲಿ ಇರುವೆ, ಜೇನ್ನೊಣಗಳನ್ನು ಅಭ್ಯಸಿಸಿ 1882ರಲ್ಲಿ ಗ್ರಂಥ ಪ್ರಕಟಿಸಿದ ಈತನಲ್ಲಿ ಬಿಡುವಿನ ಶಾಸನಕರ್ತನೂ ಹವ್ಯಾಸಿಯೂ ಒಂದಾಗಿದ್ದರು. ವೇತನಸಹಿತ ರಜೆಯ ಶಾಸನಕ್ಕಾಗಿ ಮಾತ್ರ ಕಾರ್ಮಿಕರು 1938ರವರೆಗೆ ಕಾಯಬೇಕಾಯಿತು.

ಬಿಡುವು ದೊರೆತೊಡನೆ ಅದನ್ನು ಹೇಗೆ ಕಳೆಯಬೇಕೆಂಬ ಉಪದೇಶವೂ ಬಂದಿತು. ಹೆಂಡದಂಗಡಿಯಿಂದ ಕಾರ್ಮಿಕರನ್ನು ಬಿಡಿಸಿ ಗ್ರಂಥಾಲಯ, ವಸ್ತುಸಂಗ್ರಹಾಲಯ, ಉದ್ಯಾನಗಳತ್ತ ಒಯ್ಯುವ ‘ವಿವೇಕಯುತ ವಿನೋದ’ದ ಚಳವಳಿ ವಿಕ್ಟೋರಿಯಾ ಯುಗದ ಮಧ್ಯಮವರ್ಗದ್ದು. 1840ರಲ್ಲಿ ಅಂಚೆಚೀಟಿ ಬಂದ ಕೆಲವೇ ವರ್ಷಗಳಲ್ಲಿ ಅದರ ಸಂಗ್ರಹಣೆ ಆರಂಭವಾಯಿತು. ಪಕ್ಷಿವೀಕ್ಷಣೆ, ಜರೀಗಿಡಗಳ ಸಂಗ್ರಹ, ಪಾರಿವಾಳ ಸಾಕಣೆಗಳು ಹಬ್ಬಿದವು. ಗೀಳೆಂದು ನಗೆಗೀಡಾಗಿದ್ದ ಹಾಬಿ ಈಗ ಶಿಸ್ತು, ಮಿತವ್ಯಯ, ಜ್ಞಾನಾರ್ಜನೆಗಳ ಗುರುತಾಯಿತು. ಗಣ್ಯರ ಪರಿಚಯಕೋಶವಾದ ‘ಹೂಸ್ ಹೂ’ 1890ರ ದಶಕದ ಕೊನೆಯಲ್ಲಿ ಹೊಸ ರೂಪ ಪಡೆದಾಗ ಪದವಿ, ಪ್ರಶಸ್ತಿಗಳೊಂದಿಗೆ ವಿನೋದಗಳಿಗೂ ಅದರಲ್ಲಿ ಸ್ಥಾನ ದೊರೆತದ್ದು ಈ ಪರಿವರ್ತನೆಯ ಮುದ್ರೆ.

ಇದಕ್ಕೊಂದು ಕೊರತೆಯ ಮುಖವೂ ಇದೆ. ಶಾಸನಗಳು ಅಳೆದದ್ದು ಗಿರಣಿಯೊಳಗಿನ ಗಂಟೆಗಳನ್ನು ಮಾತ್ರ. ಶನಿವಾರ 2 ಗಂಟೆಗೆ ಮನೆಗೆ ಬಂದ ಹೆಂಗಸಿಗೆ ಅಡಿಗೆ, ಒಗೆತ, ಮಕ್ಕಳ ಆರೈಕೆ ಕಾದಿರುತ್ತಿದ್ದವು. ಶ್ರೀಮಂತರ ಮನೆಗಳಲ್ಲಿ ದುಡಿಯುತ್ತಿದ್ದ ಸೇವಕಿಯರು ಕಾರ್ಖಾನೆ ಶಾಸನಗಳ ವ್ಯಾಪ್ತಿಯಲ್ಲೇ ಇರಲಿಲ್ಲ. ‘ನಿಮ್ಮ ಬಿಡುವಿನ ಕಾಲ’ ಎಂಬ ಮಾತು ಎಲ್ಲರಿಗೂ ಒಂದೇ ಅರ್ಥದಲ್ಲಿ ಅನ್ವಯಿಸಿದ್ದಿಲ್ಲ.

4

ಮೂರನೆಯ ಸಂಗತಿ ಸಂಭಾಷಣೆಯದು. ವರಮಾನ, ಧರ್ಮ, ರಾಜಕೀಯಗಳನ್ನು ಅಪರಿಚಿತರೊಡನೆ ಎತ್ತದಿರುವುದು ಇಂಗ್ಲಿಷ್ ಶಿಷ್ಟಾಚಾರದ ರೂಢಿ. ಸಾಮಾಜಿಕ ಮಾನವಶಾಸ್ತ್ರಜ್ಞೆ ಕೇಟ್ ಫಾಕ್ಸ್ 2004ರ ತಮ್ಮ ಗ್ರಂಥದಲ್ಲಿ, ಇಂಗ್ಲಿಷರಲ್ಲಿ ಉದ್ಯೋಗವನ್ನು ನೇರವಾಗಿ ಕೇಳುವುದಕ್ಕೂ ಸಂಕೋಚವಿದೆಯೆಂದೂ ಅದನ್ನು ಸುತ್ತುಬಳಸಿ ಊಹಿಸುತ್ತಾರೆಂದೂ ವಿವರಿಸಿದ್ದಾರೆ. ವರ್ಗಭೇದ ಆಳವಾಗಿರುವ ಸಮಾಜದಲ್ಲಿ ಉದ್ಯೋಗದ ಪ್ರಶ್ನೆ ಮೇಲು–ಕೀಳನ್ನು ಕೂಡಲೇ ಬಯಲುಮಾಡುತ್ತದೆ. ಹವಾಮಾನದ ಮಾತು ಬೇಗ ತೀರುತ್ತದೆ. ಉಳಿದದ್ದು ಹವ್ಯಾಸ. ಗುಲಾಬಿ ಬೆಳೆಸುವ ನ್ಯಾಯಾಧೀಶನೂ ಗುಲಾಬಿ ಬೆಳೆಸುವ ಗಣಿ ಕಾರ್ಮಿಕನೂ ಗುಲಾಬಿಯ ವಿಷಯದಲ್ಲಿ ಸರಿಸಮರಾಗಿ ಕೆಲವು ನಿಮಿಷ ಮಾತಾಡಬಹುದು.

ಜಾರ್ಜ್ ಆರ್ವೆಲ್ 1941ರಲ್ಲಿ, ಯುದ್ಧದ ನಡುವೆ ಬರೆದ ‘ದಿ ಲಯನ್ ಅಂಡ್ ದಿ ಯೂನಿಕಾರ್ನ್’ ಪ್ರಬಂಧದಲ್ಲಿ ಇಂಗ್ಲಿಷರ ಹೂವಿನ ಮೋಹ, ಅಂಚೆಚೀಟಿ ಸಂಗ್ರಹ, ಪಾರಿವಾಳ ಸಾಕಣೆ, ಪದಬಂಧಗಳನ್ನು ಪಟ್ಟಿಮಾಡಿ, ಅವರ ಖಾಸಗಿ ಸ್ವಾತಂತ್ರ್ಯದೊಡನೆ ಅವುಗಳನ್ನು ಜೋಡಿಸಿದರು. ತನ್ನ ವಿನೋದವನ್ನು ಮೇಲಿನವರು ಆರಿಸಿಕೊಡದೆ ತಾನೇ ಆರಿಸಿಕೊಳ್ಳುವುದು ಆ ಸ್ವಾತಂತ್ರ್ಯದ ತಿರುಳು. ಹೀಗಾಗಿ ಇಂಗ್ಲಿಷಿನಲ್ಲಿ ಹವ್ಯಾಸದ ಪ್ರಶ್ನೆಗೆ ತಪ್ಪು ಉತ್ತರವಿಲ್ಲ. ‘ವಿಶೇಷವೇನೂ ಇಲ್ಲ, ಸುಮ್ಮನೆ ಕೂರುತ್ತೇನೆ’ ಎಂಬುದೂ ಅಲ್ಲಿ ಸಲ್ಲುವ ಉತ್ತರವೇ. ತನ್ನ ಪರಿಣತಿಯನ್ನು ಕೊಂಚ ತಗ್ಗಿಸಿ ಹೇಳುವುದು, ಕೇಳಿದವರ ಹವ್ಯಾಸವನ್ನು ಮರಳಿ ವಿಚಾರಿಸುವುದು ಈ ಮಾತಿನ ಮರ್ಯಾದೆ.

5

ಈ ಪ್ರಶ್ನೆ ಭಾರತಕ್ಕೆ ಬಂದದ್ದು ಶಾಲೆ ಮತ್ತು ಕಚೇರಿಗಳ ಮೂಲಕ. ಇಲ್ಲಿ ವಿನೋದಗಳಿರಲಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಿನೋದ, ಕ್ರೀಡೆಗಳಿಗೆ ಪ್ರತ್ಯೇಕ ವಿಂಶತಿಗಳೇ ಇವೆ. ಆದರೆ ಅವು ಅರಸನ ವಿನೋದಗಳು. ಗಡಿಯಾರದಿಂದ ಅಳೆದ ಬಿಡುವು ದುಡಿಯುವವರ ಹಕ್ಕಾಗಿ ಇಲ್ಲಿ ಕೇಳಿಬಂದ ಮುಖ್ಯ ನೆಲೆಗಳಲ್ಲಿ ಮುಂಬಯಿಯ ಗಿರಣಿಗಳೂ ಸೇರಿವೆ. ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದಲ್ಲಿ 1884ರಿಂದ ನಡೆದ ಒತ್ತಾಯದ ಫಲವಾಗಿ 1890ರ ಜೂನ್ 10ರಂದು ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದರು. ಅದೇ ನಗರದ ಹೋಟೆಲುಗಳಲ್ಲಿ ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಕರಾವಳಿಯ ಹುಡುಗರಿಗೆ ಬಿಡುವು ಎಂದರೆ ಹವ್ಯಾಸವಲ್ಲ, ವಿದ್ಯೆ. ಅವರನ್ನು ‘ನಿಮ್ಮ ಹವ್ಯಾಸವೇನು?’ ಎಂದು ಕೇಳಿದರೆ ಅವರ ಬದುಕಿನ ಮುಖ್ಯ ಸಂಗತಿಯೇ ಉತ್ತರದಿಂದ ಜಾರಿಹೋಗುತ್ತದೆ.

ಅನುವಾದವೂ ಇಲ್ಲಿ ನೆರವಾಗುವುದಿಲ್ಲ. ಹೊರನಾಡಿನ ಕನ್ನಡಿಗರು ನಿತ್ಯ ಕೇಳುವ ಭಾಷೆಗಳಲ್ಲೇ ‘ಹಾಬಿ’ಗೆ ನಾಲ್ಕು ಬೇರೆ ದೃಷ್ಟಿಗಳಿವೆ. ತಮಿಳಿನ ‘ಪೊಳುದುಪೋಕ್ಕು’ ಹೊತ್ತು ಕಳೆಯುವಿಕೆ. ಅದರ ಮೊದಲ ಪದ ನಮ್ಮ ‘ಪೊೞ್ತು’, ‘ಹೊತ್ತು’ಗಳ ಜ್ಞಾತಿ. ತೆಲುಗಿನ ‘ಅಭಿರುಚಿ’ ಸಂಸ್ಕಾರಗೊಂಡ ಆಸಕ್ತಿ. ಹಿಂದಿಯ ‘ಶೌಕ್’, ಮರಾಠಿಯ ‘ಛಂದ’ಗಳಲ್ಲಿ ಒಲವು, ಮೋಹಗಳ ಛಾಯೆಯಿದೆ. ಕನ್ನಡದ ‘ಹವ್ಯಾಸ’ ರೂಢಿಯ ಅಭ್ಯಾಸವೂ ಹೌದು. ಓದಿನ ಹವ್ಯಾಸದಂತೆ ಕುಡಿತದ ಹವ್ಯಾಸವೂ ಉಂಟು. ಇದೇ ರೂಪದ ಮರಾಠಿ ಶಬ್ದಕ್ಕೆ ಅತಿಯಾಸೆ ಎಂಬರ್ಥ. ಪುಣೆ, ಮುಂಬಯಿಗಳ ಕನ್ನಡಿಗರು ತಮ್ಮ ಹವ್ಯಾಸವನ್ನು ಮರಾಠಿಯಲ್ಲಿ ಅದೇ ಶಬ್ದದಿಂದ ಹೇಳಿದರೆ ಕೇಳುವವರಿಗೆ ಬೇರೊಂದೇ ತಿಳಿಯುತ್ತದೆ. ಇಂಗ್ಲಿಷಿನ ‘ಅಮೆಚೂರ್’ ಎಂಬುದಕ್ಕೂ ನಾವು ‘ಹವ್ಯಾಸಿ’ ಎಂಬುದನ್ನೇ ಬಳಸುತ್ತೇವೆ. 1909ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ನಿನಂತಹ ಸಂಸ್ಥೆಗಳಿಂದ ಬೆಳೆದ ‘ಹವ್ಯಾಸಿ ರಂಗಭೂಮಿ’ ಹೊತ್ತು ಕಳೆಯುವ ಕೆಲಸವಾಗಿರಲಿಲ್ಲ.

ಇದಕ್ಕಿಂತ ಗಂಭೀರವಾದ ಬದಲಾವಣೆ ಸಂದರ್ಭದ್ದು. ನಮ್ಮಲ್ಲಿ ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ಸಹಪ್ರಯಾಣಿಕರಲ್ಲ, ಪರೀಕ್ಷಕರು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ವಿವರಪತ್ರದಲ್ಲಿ ಹವ್ಯಾಸಗಳಿಗೂ ಜಾಗವಿದೆ. ಸಂದರ್ಶನದಲ್ಲಿ ಅವುಗಳ ಮೇಲೆ ಪ್ರಶ್ನೆಗಳು ಬರುತ್ತವೆ. ಹಳ್ಳಿಯ ಶಾಲೆಯಿಂದ ಬಂದ ಅಭ್ಯರ್ಥಿ ಸಂಜೆಯೆಲ್ಲ ದನ ಮೇಯಿಸಿದವನಿರಬಹುದು, ತಾಯಿಗೆ ಬೀಡಿ ಸುತ್ತಲು ನೆರವಾದವಳಿರಬಹುದು. ಆ ಸಂಗತಿಯನ್ನು ಮುಚ್ಚಿ ‘ರೀಡಿಂಗ್, ಲಿಸನಿಂಗ್ ಟು ಮ್ಯೂಸಿಕ್’ ಎಂಬ ಕಂಠಪಾಠದ ಉತ್ತರವನ್ನು ಒಪ್ಪಿಸುವುದೇ ಸುರಕ್ಷಿತವೆಂದು ಅಂಥವರಿಗೆ ತೋರುವುದು ಸಹಜ. ಯಾರನ್ನೂ ಅಳೆಯದಿರಲೆಂದು ಇಂಗ್ಲಿಷ್ ಸಂಭಾಷಣೆಯಲ್ಲಿ ನೆಲೆಗೊಂಡ ಪ್ರಶ್ನೆ ಇಲ್ಲಿ ಅಳೆಯುವ ಕೋಲಾಗಿದೆ.

6

ಮೇಲಿನ ಪರಿಶೀಲನೆಯಿಂದ ತಿಳಿದುಬರುವುದಿಷ್ಟು: ಹವ್ಯಾಸದ ಮಾತು ಭಾಷಾಪಾಠದ ಹಗುರವಾದ ವಸ್ತುವಲ್ಲ. ದುಡಿಯುವ ಜನ ಗಡಿಯಾರದಿಂದ ಗಂಟೆಗಳನ್ನು ಮರಳಿ ಪಡೆದ ಚರಿತ್ರೆ ಅದರ ಬೆನ್ನಿಗಿದೆ. ಇಂಗ್ಲಿಷ್ ಕಲಿಸುವವರು ವಾಕ್ಯದೊಡನೆ ಈ ಚರಿತ್ರೆಯ ಸುಳಿವನ್ನೂ ಕೊಟ್ಟರೆ, ದನ ಕಾಯ್ದದ್ದನ್ನೂ ಸುಮ್ಮನೆ ಕೂತದ್ದನ್ನೂ ಹೇಳಲು ವಿದ್ಯಾರ್ಥಿಗೆ ಧೈರ್ಯ ಬಂದೀತು.

ಹೊರನಾಡ ಕನ್ನಡಿಗರ ಮೌಖಿಕ ಚರಿತ್ರೆಯನ್ನು ಸಂಗ್ರಹಿಸುವ ಸಂಶೋಧಕರಿಗೂ ಇದರಲ್ಲೊಂದು ಸೂಚನೆಯಿದೆ. ಪ್ರಶ್ನಾವಳಿಯಲ್ಲಿ ‘ಹವ್ಯಾಸಗಳು’ ಎಂಬ ಅಂಕಣವನ್ನಿಟ್ಟರೆ ಶಾಲೆ ಕಲಿಸಿದ ಉತ್ತರವೇ ದೊರೆತೀತು. ಅದಕ್ಕೆ ಬದಲಾಗಿ, ‘ಕೆಲಸ ಎಷ್ಟು ಹೊತ್ತಿಗೆ ಬಿಡುತ್ತಿತ್ತು? ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತಿದ್ದಿರಿ? ಪುರುಸೊತ್ತು ಸಿಗುತ್ತಿತ್ತೆ?’ ಎಂದು ವಿಚಾರಿಸಿದರೆ ರಾತ್ರಿಶಾಲೆ, ಭಜನೆ, ತಾಳಮದ್ದಳೆ, ನಾಟಕದ ತಾಲೀಮುಗಳ ಸಂಗತಿಗಳು ತಾವಾಗಿ ಹೊರಬರಬಹುದು. ಹೆಂಗಸರನ್ನು ಕೇಳುವಾಗ ಕೊನೆಯ ಪ್ರಶ್ನೆಯನ್ನು ಮೊದಲಿಗೇ ಇಡುವುದು ಒಳ್ಳೆಯದು. ಹಲವರಿಂದ ‘ಇಲ್ಲ’ ಎಂಬ ಉತ್ತರ ಬರಬಹುದು. ಆ ಉತ್ತರವನ್ನೂ ದಾಖಲಿಸಬೇಕು.