ಉಂಬಳಿ: ಉಣ್ಣುವ ಹಕ್ಕು, ಮಾರುವ ಹಕ್ಕಲ್ಲ

ಉಂಬಳಿ (ನಾಮಪದ): ಸೇವೆಗಾಗಿ ಅಥವಾ ಗೌರವಕ್ಕಾಗಿ ಕೊಟ್ಟ, ಕಂದಾಯವಿಲ್ಲದ ಭೂಮಿ.

ಯಾದಗಿರಿ ಜಿಲ್ಲೆಯ ಶಿರವಾಳ, ಶಹಾಪುರ, ಸುರಪುರದ ಕಡೆ ಹಳೆಯ ಹೊಲಗಳ ಮಾತು ಬಂದರೆ ‘ಇನಾಮು’, ‘ವತನ’ ಎಂಬ ಪದಗಳು ಏಳುತ್ತವೆ. ಎರಡೂ ಅರಬ್ಬಿ ಮೂಲದವು. ಅವುಗಳಿಗಿಂತ ಹಳೆಯ ನಮ್ಮ ಮಾತು ಉಂಬಳಿ. ‘ಉಣ್’ ಧಾತುವಿನ ‘ಉಂಬ’ ರೂಪ ಇದರ ಬೇರು. ತಮಿಳಿನಲ್ಲಿ ಉಂಬಳಿಕ್ಕೈ, ತೆಲುಗಿನಲ್ಲಿ ಉಂಬಳಿಕ ಇದರ ಬಳಗ.

ಇಂದು ಅನೇಕರು ಇದನ್ನು ‘ಪಿತ್ರಾರ್ಜಿತ ಆಸ್ತಿ’ ಎಂಬರ್ಥದಲ್ಲಿ ಬಳಸುತ್ತಾರೆ. ಅದು ಸರಿಯಲ್ಲ. ಸೇವೆಯ ಉಂಬಳಿ ತಂದೆಯಿಂದ ಮಗನಿಗೆ ಇಳಿದರೂ ಸೇವೆಯ ನಂಟು ಕಳಚುತ್ತಿರಲಿಲ್ಲ. ವಾರಸುದಾರ ಫಲ ಉಣ್ಣಬಹುದಿತ್ತು, ನೆಲವನ್ನು ಮನಬಂದಂತೆ ಮಾರುವಂತಿರಲಿಲ್ಲ. ವಿಜಯನಗರದ ಹಲವು ದಾನಶಾಸನಗಳು ದಾನ, ಆಧಿ (ಅಡವು), ವಿಕ್ರಯದ ಹಕ್ಕುಗಳನ್ನು ಬಿಡಿಸಿ ಹೇಳುತ್ತವೆ. ಮಾರುವ ಹಕ್ಕನ್ನು ಬೇರೆಯಾಗಿಯೇ ಎಣಿಸುತ್ತಿದ್ದರು ಎಂಬುದಕ್ಕೆ ಇದು ಸಾಕ್ಷಿ.

ನಿಜಾಮರ ಆಳ್ವಿಕೆಗೆ ಸೇರಿದ್ದ ಈ ಭಾಗದಲ್ಲಿ 1955ರ ಹೈದರಾಬಾದ್ ಇನಾಮು ರದ್ದತಿ ಕಾಯ್ದೆ ಬಂತು. ಗ್ರಾಮ ಹುದ್ದೆಗಳ ವತನಗಳನ್ನು 1961ರ ಕಾಯ್ದೆ ರದ್ದುಮಾಡಿ, ಜಮೀನನ್ನು ಹಿಡುವಳಿದಾರರಿಗೆ ಮರುಮಂಜೂರು ಮಾಡಿತು. 1978ರ ತಿದ್ದುಪಡಿ ಕುಟುಂಬದೊಳಗಿನ ಪಾಲನ್ನು ಬಿಟ್ಟು ಉಳಿದ ಪರಭಾರೆಗೆ 15 ವರ್ಷ ತಡೆಹಾಕಿತು. ಬಡ ಸೇವಕರ ನೆಲ ಉಳ್ಳವರ ಪಾಲಾಗದಿರಲು ಇಂಥ ತಡೆ ಬೇಕೇ ಇತ್ತು.

‘ಯಾರು ಉಂಬಳಿ ಹಾಕಿಕೊಟ್ಟರು?’ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಹಳೆಯ ಜಮೀನು ಕೊಳ್ಳುವವರು, ಮಾರುವವರು ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ: ಕೊಟ್ಟವರು ಯಾರು, ಯಾವ ಷರತ್ತಿನ ಮೇಲೆ?