ಮುರಿದ ತೊಡೆಯ ಅರಸ: ರಂಗದ ಮೇಲೆ ದುರ್ಯೋಧನ

ಕನ್ನಡದಲ್ಲಿ ತೊಡೆಗೆ ಎರಡು ಕೆಲಸ. ಅಖಾಡದಲ್ಲಿ ಪೈಲ್ವಾನ ಎದುರಾಳಿಯನ್ನು ಕರೆಯುವುದು ತೊಡೆ ತಟ್ಟಿ. ಮನೆಯಲ್ಲಿ ಅಪ್ಪ ಮಗುವನ್ನು ಕೂರಿಸಿಕೊಳ್ಳುವುದು ತೊಡೆಯ ಮೇಲೆ. ಒಂದು ಸೊಕ್ಕಿನ ತೊಡೆ, ಇನ್ನೊಂದು ಅಕ್ಕರೆಯ ತೊಡೆ. ದುರ್ಯೋಧನನ ರಂಗಚರಿತ್ರೆಯೆಲ್ಲ ಈ ಎರಡರ ನಡುವೆ ನಡೆದಿದೆ.

ಮಹಾಭಾರತದ ಸಭಾಪರ್ವದಲ್ಲಿ ಅವನು ದ್ರೌಪದಿಯ ಕಡೆ ನೋಡಿ ಎಡದೊಡೆಯನ್ನು ಬಯಲು ಮಾಡಿ ತೋರಿಸುತ್ತಾನೆ. ಅದೇ ತೊಡೆಯನ್ನು ಗದೆಯಿಂದ ಮುರಿಯುತ್ತೇನೆಂದು ಭೀಮ ಪ್ರತಿಜ್ಞೆ ಮಾಡುತ್ತಾನೆ, ಶಲ್ಯಪರ್ವದಲ್ಲಿ ಮುರಿಯುತ್ತಾನೆ. ಲೆಕ್ಕ ಚುಕ್ತಾ ಆಯಿತು ಎನ್ನುವಷ್ಟರಲ್ಲಿ ಮೂಲಕಾವ್ಯವೇ ಒಂದು ಕ್ಷಣ ತಡೆದು ನಿಲ್ಲುತ್ತದೆ. ಹೊಕ್ಕುಳಿನಿಂದ ಕೆಳಗೆ ಹೊಡೆದದ್ದು ಅಧರ್ಮವೆಂದು ಬಲರಾಮ ನೇಗಿಲೆತ್ತಿ ಭೀಮನ ಮೇಲೆ ಏರಿಬರುತ್ತಾನೆ. ನೆಲಕ್ಕೊರಗಿದ ದುರ್ಯೋಧನ ತಾನು ಅರಸನಾಗಿ ಬಾಳಿದ್ದನ್ನೂ ಕ್ಷತ್ರಿಯನಿಗೆ ತಕ್ಕ ಸಾವು ಪಡೆದದ್ದನ್ನೂ ಕೃಷ್ಣನೆದುರು ಹೇಳಿಕೊಂಡಾಗ ಆಕಾಶದಿಂದ ಹೂಮಳೆ ಸುರಿಯುತ್ತದೆ, ಗೆದ್ದ ಪಾಂಡವರು ನಾಚಿ ನಿಲ್ಲುತ್ತಾರೆ. ಮುಂದಿನ ನಾಟಕಕಾರರಿಗೆ ಬೀಜ ಸಿಕ್ಕಿದ್ದು ಇಲ್ಲಿ. ಖಳನಿಗೆ ಮರ್ಯಾದೆ ಕೊಡುವ ಧೈರ್ಯವನ್ನು ಅವರು ಹೊರಗಿನಿಂದ ತಂದದ್ದಲ್ಲ.

ಆ ಬೀಜ ಮರವಾಗಿ ಕಾಣುವುದು ಭಾಸನದೆನ್ನಲಾದ ‘ಊರುಭಂಗ’ ಎಂಬ ಏಕಾಂಕದಲ್ಲಿ. ಈ ನಾಟಕ ಶತಮಾನಗಳ ಕಾಲ ವಿದ್ವಲ್ಲೋಕದ ಕಣ್ಣಿಗೆ ಬಿದ್ದಿರಲಿಲ್ಲ. ಕಾಳಿದಾಸ ಮಾಲವಿಕಾಗ್ನಿಮಿತ್ರದಲ್ಲಿ, ಬಾಣ ಹರ್ಷಚರಿತೆಯಲ್ಲಿ ಭಾಸನನ್ನು ಹೆಸರಿಸಿದ್ದರು. ಆದರೆ ಅವನ ಕೃತಿಗಳು ಎಲ್ಲಿ? ತಿರುವಾಂಕೂರಿನ ಟಿ. ಗಣಪತಿ ಶಾಸ್ತ್ರಿಗಳಿಗೆ 1909ರ ಸುಮಾರಿಗೆ ಪದ್ಮನಾಭಪುರದ ಹತ್ತಿರ ಮಲಯಾಳ ಲಿಪಿಯ ತಾಳೆಗರಿಯ ಕಟ್ಟೊಂದು ಸಿಕ್ಕಿತು. ಮುಂದೆ 13 ನಾಟಕಗಳು ಒಂದು ಗುಂಪೆಂದು ಗುರುತಾಗಿ 1912ರಿಂದ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಅಚ್ಚಾಗತೊಡಗಿದವು. ಪ್ರತಿಗಳಲ್ಲಿ ಕವಿಯ ಹೆಸರಿಲ್ಲ. ಇವು ಭಾಸನವೇ ಎಂದು ಶಾಸ್ತ್ರಿಗಳು ವಾದಿಸಿದರು, ವಿದ್ವಾಂಸರೆಲ್ಲರೂ ಒಪ್ಪಲಿಲ್ಲ. ಕರ್ತೃತ್ವದ ಜಗಳ ಏನೇ ಇರಲಿ, ಈ ಗುಂಪು ದುರ್ಯೋಧನನ ಬಗ್ಗೆ ಹೇಳುವುದು ಮಾತ್ರ ಅಚ್ಚರಿ ಹುಟ್ಟಿಸುತ್ತದೆ.

ಏಕೆಂದರೆ ಇಲ್ಲಿ ಒಬ್ಬನೇ ದುರ್ಯೋಧನನಿಲ್ಲ. ‘ದೂತವಾಕ್ಯ’ದಲ್ಲಿ ಅವನು ಅಪ್ಪಟ ಖಳ: ಸಂಧಿಗೆ ಬಂದ ಕೃಷ್ಣನಿಗೆ ಎದ್ದು ನಿಂತವರಿಗೆ ದಂಡ ವಿಧಿಸುತ್ತೇನೆಂದು ಸಭೆಗೆ ಅಪ್ಪಣೆ ಮಾಡಿ, ದ್ರೌಪದಿಯ ಮಾನಭಂಗದ ಚಿತ್ರಪಟವನ್ನು ಮುಂದಿಟ್ಟುಕೊಂಡು ನೋಡುತ್ತ ಕೂರುತ್ತಾನೆ. ಕೃಷ್ಣ ಒಳಗೆ ಬಂದ ಕೂಡಲೇ ಆಸನದಿಂದ ಜಾರುವವನು ಅವನೇ. ‘ಪಂಚರಾತ್ರ’ದಲ್ಲಿ ಇದೇ ಅರಸ ಗುರುದಕ್ಷಿಣೆಯಾಗಿ ದ್ರೋಣನಿಗೆ ಕೊಟ್ಟ ಮಾತಿನಂತೆ ಪಾಂಡವರಿಗೆ ಅರ್ಧರಾಜ್ಯ ಬಿಟ್ಟುಕೊಡುತ್ತಾನೆ, ಕುರುಕ್ಷೇತ್ರಕ್ಕೆ ಕಾರಣವೇ ಉಳಿಯುವುದಿಲ್ಲ. ಮಹಾಭಾರತದ ಕಥೆಯನ್ನೇ ಈ ನಾಟಕ ತಿರುಗಿಸಿಬಿಟ್ಟಿದೆ. ಖಳತನ ಹುಟ್ಟುಗುಣವಲ್ಲ, ಮಾತು ಉಳಿಸಿಕೊಳ್ಳುವ ಘಳಿಗೆ ಬಂದಾಗ ಮನುಷ್ಯ ಯಾವ ಕಡೆ ವಾಲುತ್ತಾನೆ ಎಂಬುದರ ಮೇಲೆ ನಿಂತದ್ದು ಎಂದು ನಾಟಕಕಾರ ಪರೀಕ್ಷೆ ಮಾಡಿ ನೋಡುತ್ತಿದ್ದಂತಿದೆ.

‘ಊರುಭಂಗ’ದ ಗದಾಯುದ್ಧ ನಮಗೆ ಕಾಣುವುದಿಲ್ಲ. ಮೂವರು ಭಟರು ರಣರಂಗವನ್ನೂ ಹೊಡೆದಾಟವನ್ನೂ ಪದ್ಯಗಳಲ್ಲಿ ಬಣ್ಣಿಸುತ್ತಾರೆ. ಆಮೇಲೆ ಅರಸ ರಂಗಕ್ಕೆ ಬರುತ್ತಾನೆ, ತೆವಳಿಕೊಂಡು. ನಾಯಕ ಮೊದಲ ಬಾರಿ ಪ್ರೇಕ್ಷಕರ ಕಣ್ಣಿಗೆ ಬೀಳುವುದೇ ನಿಲ್ಲಲಾರದ ದೇಹದಲ್ಲಿ. ಕಿರೀಟ, ಒಡ್ಡೋಲಗ, ಬಹುಪರಾಕು ಯಾವುದೂ ಇಲ್ಲ. ಸಿಟ್ಟಿಗೆದ್ದ ಬಲರಾಮನನ್ನು ಅವನೇ ಸಮಾಧಾನ ಮಾಡುತ್ತಾನೆ: ತನ್ನನ್ನು ಕೊಂದವನು ಭೀಮನಲ್ಲ, ಆ ಗದೆಯೊಳಗೆ ಹೊಕ್ಕ ಹರಿ ಎನ್ನುತ್ತಾನೆ.

ಕುರುಡ ತಂದೆ, ಕಣ್ಣಿಗೆ ಬಟ್ಟೆ ಕಟ್ಟಿದ ತಾಯಿ, ಇಬ್ಬರು ರಾಣಿಯರು, ಚಿಕ್ಕ ಮಗ ದುರ್ಜಯ ಅವನನ್ನು ಹುಡುಕುತ್ತ ಬರುತ್ತಾರೆ. ಈ ದುರ್ಜಯ ವ್ಯಾಸರ ಮಗುವಲ್ಲ. ಮಹಾಭಾರತದಲ್ಲಿ ದುರ್ಯೋಧನನ ಮಗ ಲಕ್ಷ್ಮಣ, ಅಭಿಮನ್ಯುವಿನ ಕೈಯಲ್ಲಿ ಆಗಲೇ ಸತ್ತಿದ್ದಾನೆ. ನಾಟಕಕಾರ ಬೇಕೆಂದೇ ಒಂದು ಮಗುವನ್ನು ಸೃಷ್ಟಿಸಿಕೊಂಡಿದ್ದಾನೆ. ಯಾಕೆಂಬುದು ಮರುಕ್ಷಣವೇ ತಿಳಿಯುತ್ತದೆ. ನಡೆದು ದಣಿದ ಮಗು ಅಪ್ಪನನ್ನು ಕಂಡು ತೊಡೆಯ ಮೇಲೆ ಕೂರಲು ಬರುತ್ತದೆ, ಅಪ್ಪ ತಡೆಯಬೇಕಾಗುತ್ತದೆ. ನಿನಗೆ ಪರಿಚಯವಾದ ಈ ಆಸನ ಇಂದಿಗೆ ಮುಗಿಯಿತು, ಬೇರೆಲ್ಲಾದರೂ ಕೂತುಕೋ ಎಂಬ ಅರ್ಥದ ಮಾತು ಹೇಳುತ್ತಾನೆ. ಸಭೆಯಲ್ಲಿ ಪರರ ಹೆಂಡತಿಗೆ ತೋರಿಸಿದ ತೊಡೆ ಈಗ ಸ್ವಂತ ಮಗನಿಗೂ ಇಲ್ಲ. ಇಷ್ಟು ಕಟುವಾದ ಶಿಕ್ಷೆಯನ್ನು ಭೀಮನ ಪ್ರತಿಜ್ಞೆಯೂ ಊಹಿಸಿರಲಿಲ್ಲ. ನಾಟಕಕಾರ ಇಲ್ಲಿ ಖಳನನ್ನು ಬಿಡುಗಡೆ ಮಾಡಿಲ್ಲ. ಶಿಕ್ಷೆಯನ್ನು ನಮ್ಮ ಕರುಳಿಗೆ ತಾಗುವಂತೆ ಬದಲಿಸಿದ್ದಾನೆ.

ಗಾಂಧಾರಿಗೆ ಅವನು ಹೇಳುವುದು ಚಿಕ್ಕ ಮಾತು: ತಾನೇನಾದರೂ ಪುಣ್ಯ ಮಾಡಿದ್ದರೆ ಇನ್ನೊಂದು ಜನ್ಮದಲ್ಲೂ ನೀನೇ ತಾಯಿಯಾಗು. ಮಗನಿಗೆ ಪಾಂಡವರನ್ನು ತನ್ನಂತೆಯೇ ಕಾಣಲು, ಕುಂತಿಯ ಮಾತು ಕೇಳಲು ಹೇಳುತ್ತಾನೆ. ಅಶ್ವತ್ಥಾಮ ಸೇಡಿನ ಉರಿಯಲ್ಲಿ ಬಂದಾಗ ವ್ಯಾಸರ ದುರ್ಯೋಧನ ಅವನಿಗೆ ಸೇನಾಪತಿಯ ಅಭಿಷೇಕ ಮಾಡಿಸಿದ್ದ. ಊರುಭಂಗದ ದುರ್ಯೋಧನ ತಡೆಯುತ್ತಾನೆ. ದ್ರೌಪದಿಯ ಮುಡಿ ಎಳೆಸಿದ್ದು, ಎಳೆಯ ಅಭಿಮನ್ಯುವನ್ನು ಕೊಲ್ಲಿಸಿದ್ದು, ಕಪಟದ್ಯೂತದಿಂದ ಪಾಂಡವರನ್ನು ಕಾಡುಮೃಗಗಳ ನಡುವೆ ಅಟ್ಟಿದ್ದು, ಎಲ್ಲವನ್ನೂ ತಾನೇ ಎಣಿಸಿ, ಇದಕ್ಕೆ ಹೋಲಿಸಿದರೆ ಅವರು ಮಾಡಿದ್ದು ಅಲ್ಪ ಎನ್ನುತ್ತಾನೆ. ಆರೋಪಪಟ್ಟಿಯನ್ನು ಓದುವವನು ಆರೋಪಿಯೇ. ನಾಟಕದ ಎತ್ತರ ಇರುವುದು ಇಲ್ಲಿ. ಕೊನೆಯಲ್ಲಿ ಅವನಿಗೆ ಕಾಣುವ ಪೂರ್ವಜರು, ಅಪ್ಸರೆಯರು, ಸಾವಿರ ಹಂಸಗಳ ವಿಮಾನ ಇದಕ್ಕಿಂತ ಕೆಳಗಿನ ಮೆಟ್ಟಿಲು.

ಅವನು ಪ್ರಾಣ ಬಿಡುವುದು ಪ್ರೇಕ್ಷಕರ ಎದುರಿಗೇ. ಸಾವು, ಯುದ್ಧ, ರಾಜ್ಯಭ್ರಂಶಗಳನ್ನು ಅಂಕದಲ್ಲಿ ನೇರವಾಗಿ ತೋರಿಸದೆ ಸೂಚಿಸಬೇಕೆಂಬ ನಾಟ್ಯಶಾಸ್ತ್ರದ ನಿಯಮವನ್ನು ಇದು ಮುರಿಯುತ್ತದೆಯೇ, ಇದನ್ನು ದುರಂತ ನಾಟಕ ಎನ್ನಬಹುದೇ ಎಂಬ ಚರ್ಚೆ ಅಚ್ಚಾದಂದಿನಿಂದ ನಡೆದುಬಂದಿದೆ. 1980ರ ದಶಕದಲ್ಲಿ ಮಣಿಪುರದ ರತನ್ ಥಿಯಾಮ್, ಕೇರಳದ ಕಾವಾಲಂ ನಾರಾಯಣ ಪಣಿಕ್ಕರ್ ಇದನ್ನು ಮತ್ತೆ ರಂಗಕ್ಕೆ ತಂದರು.

ಭಟ್ಟನಾರಾಯಣನ ‘ವೇಣೀಸಂಹಾರ’ದ ದಾರಿ ಬೇರೆ. ಆರು ಅಂಕಗಳ ಈ ನಾಟಕ ಭೀಮನ ಸೇಡಿನದು. ಆದರೂ ಎರಡನೆಯ ಅಂಕ ದುರ್ಯೋಧನನಿಗೂ ರಾಣಿ ಭಾನುಮತಿಗೂ ಮೀಸಲು. ಮುಂಗುಸಿಯೊಂದು ನೂರು ಹಾವುಗಳನ್ನು ಕೊಂದ ಕನಸು ಕಂಡು ರಾಣಿ ಹೆದರಿದ್ದಾಳೆ. ಮುಂಗುಸಿಗೆ ಸಂಸ್ಕೃತದಲ್ಲಿ ನಕುಲ. ಮರೆಯಲ್ಲಿ ನಿಂತು ಕೇಳಿದ ಅರಸನಿಗೆ ಪಾಂಡವ ನಕುಲನ ಮೇಲೆ ಅನುಮಾನ ಬರುತ್ತದೆ! ಬಳಿಕ ಅವಳನ್ನು ಕೂರಲು ಕರೆಯುತ್ತ ತನ್ನ ತೊಡೆಗಳ ಮಾತೆತ್ತಿದ್ದೇ ತಡ, ಕಂಚುಕಿ ‘ಮುರಿಯಿತು’ ಎಂದು ಕೂಗುತ್ತ ಓಡಿಬರುತ್ತಾನೆ. ಮುರಿದದ್ದು ರಥದ ಧ್ವಜ, ಅದನ್ನು ಮುರಿದದ್ದು ಭೀಮ, ಎಂದರೆ ಭಯಂಕರವಾದ, ಗಾಳಿ. ಪ್ರೇಕ್ಷಕರ ಎದೆ ಝಲ್ಲೆನ್ನುತ್ತದೆ. ಯುದ್ಧದ ನಡುವೆ ಈ ಶೃಂಗಾರ ಅಕಾಲದ್ದೆಂದು ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ದೋಷದ ಉದಾಹರಣೆಯಾಗಿ ಎತ್ತಿಕೊಂಡ. ಲಕ್ಷಣಶಾಸ್ತ್ರದ ಮಾತಾಗಿ ಅದು ಸರಿಯಿರಬಹುದು; ಅಕಾಲದಲ್ಲಿ ಸುಖಕ್ಕೆ ಕೈಚಾಚುವ ಅರಸನ ಚಿತ್ರವಾಗಿ ಆ ದೃಶ್ಯ ನೂರಕ್ಕೆ ನೂರು ನಿಜ.

ವೇಣೀಸಂಹಾರದ ಪ್ರಭಾವ ಕನ್ನಡಕ್ಕೂ ಹರಿಯಿತು. ಮುದುವೊಳಲಿನ ಬಳೆಗಾರರ ಮನೆಯ ಕವಿಚಕ್ರವರ್ತಿ ರನ್ನ ‘ಸಾಹಸಭೀಮವಿಜಯ’ ಬರೆದದ್ದು ಚಾಳುಕ್ಯ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ. ಹೊಗಳಬೇಕಾದವನು ಭೀಮ. ಓದುಗರ ಮನಸ್ಸಿನಲ್ಲಿ ಉಳಿದವನು ಮಾತ್ರ ಸಂಜಯನ ಜೊತೆ ಹೆಣಗಳ ನಡುವೆ ನಡೆಯುವ ಛಲದಂಕಮಲ್ಲ ದುರ್ಯೋಧನ. ಮಗ ತಂದೆಗೆ ಕೊಡಬೇಕಾದ ತರ್ಪಣವನ್ನು ತಂದೆ ಮಗನಿಗೆ ಕೊಡಬೇಕಾಯಿತೆಂದು ಅವನು ಲಕ್ಷಣಕುಮಾರನ ಹೆಣದೆದುರು ಮರುಗುತ್ತಾನೆ. ಆ ಮಗನನ್ನು ಕೊಂದ ಅಭಿಮನ್ಯುವಿನ ಹೆಣಕ್ಕೂ ಕೈಮುಗಿದು, ಅಂಥ ಸಾವಿನ ಒಂದು ಪಾಲು ತನಗೂ ಬರಲಿ ಎಂದು ಬೇಡುತ್ತಾನೆ. ಹಗೆಯ ಮಗನಿಗೆ ಕೈಮುಗಿಯುವ ಖಳನನ್ನು ಹಳಗನ್ನಡ ಹೀಗೆ ಪಡೆಯಿತು.

ರನ್ನನದು ಚಂಪೂಕಾವ್ಯ, ಆದರೆ ಅದರ ಒಡಲಲ್ಲಿ ನಾಟಕವಿದೆ. ಅದನ್ನು ಹೊರತೆಗೆದು ರಂಗಕ್ಕೆ ಜೋಡಿಸಿದವರು ಇಂಗ್ಲಿಷ್ ಪ್ರಾಧ್ಯಾಪಕ ಬಿ.ಎಂ. ಶ್ರೀಕಂಠಯ್ಯ, ಅವರ ‘ಗದಾಯುದ್ಧ ನಾಟಕಂ’ 1926ರದು. ಗ್ರೀಕ್ ರುದ್ರನಾಟಕಗಳಲ್ಲಿ ಮುಳುಗಿದ್ದ ಅವರಿಗೆ ರನ್ನನ ದುರ್ಯೋಧನನಲ್ಲಿ ಅದೇ ಎತ್ತರ ಕಂಡಿತು. ಊರುಭಂಗದ ಕೊನೆಯಲ್ಲಿ ಧೃತರಾಷ್ಟ್ರ ತಪೋವನದ ಕಡೆ, ಅಶ್ವತ್ಥಾಮ ಬಿಲ್ಲು ಹಿಡಿದು ರಾತ್ರಿಯ ಕೊಲೆಯ ಕಡೆ ಹೊರಡುತ್ತಾರೆ. ಅಪ್ಪನ ತೊಡೆ ಕಳೆದುಕೊಂಡ ದುರ್ಜಯನನ್ನು ಆ ಹೊತ್ತಿಗೆ ಅಶ್ವತ್ಥಾಮ ಬರಿಯ ಮಾತಿನಲ್ಲೇ ಅರಸನನ್ನಾಗಿ ಮಾಡಿರುತ್ತಾನೆ. ‘ಗದಾಯುದ್ಧ ನಾಟಕಂ’ ಬಂದ ಮೂರು ವರ್ಷದ ಬಳಿಕ, 1929ರಲ್ಲಿ, ಸೊಫೊಕ್ಲೀಸನ ‘ಅಯಾಸ್’ ನಾಟಕದ ಅಚ್ಚಿನಲ್ಲಿ ಶ್ರೀಕಂಠಯ್ಯನವರು ಬರೆದ ‘ಅಶ್ವತ್ಥಾಮನ್’ ಎತ್ತಿಕೊಂಡದ್ದು ಆ ರಾತ್ರಿಯನ್ನು ದಾಟಿಬಂದವನ ಕಥೆಯನ್ನು.