ಮನೆಯ ಮಾತು, ಶಾಲೆಯ ಬರಹ

ನೂರು ವರ್ಷ ತುಂಬಿದ ಶಾಲೆಯ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಕೈಗೆ ಸಿಗುವುದು ಸ್ಥಾಪಕರ ಹೆಸರು, ಕಟ್ಟಡಗಳ ಇಸವಿ, ಮುಖ್ಯೋಪಾಧ್ಯಾಯರ ಪಟ್ಟಿ. ಅವೆಲ್ಲ ದಾಖಲೆಗಳಲ್ಲಿ ಇರುತ್ತವೆ. ದಾಖಲೆಗೆ ಸಿಗದ ಇನ್ನೊಂದು ಚರಿತ್ರೆಯೂ ಇದೆ. ಮಕ್ಕಳ ಮನೆಗಳು ಶಾಲೆಗೆ ಏನನ್ನು ಕೊಟ್ಟವು, ಶಾಲೆಯು ಮನೆಗಳಿಂದ ಏನನ್ನು ಕೇಳಿತು, ಆ ಕೊಡುಕೊಳೆಯಲ್ಲಿ ಮಗುವಿನ ಕೈಯಿಂದ ಏನು ಮೂಡಿತು ಎಂಬುದರ ಚರಿತ್ರೆ ಅದು. ಕಾಸರಗೋಡಿನ ಕನ್ನಡ ಶಾಲೆಗಳ ಮಟ್ಟಿಗೆ ಈ ಎರಡನೆಯ ಚರಿತ್ರೆಯೇ ಹೆಚ್ಚು ಮುಖ್ಯವೆಂದು ನನ್ನ ನಂಬಿಕೆ. ಅದರ ಕಾರಣವನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇನೆ.

ನಮ್ಮ ನೆಲವನ್ನು ಸಪ್ತಭಾಷೆಗಳ ಸಂಗಮಭೂಮಿ ಎಂದು ಕರೆಯುವ ವಾಡಿಕೆಯಿದೆ. ಸಭೆಗಳಲ್ಲಿ ಅಲಂಕಾರಕ್ಕೆ ಬಳಸುವ ಈ ಮಾತಿನಲ್ಲಿ ಶಾಲೆಗೆ ಸಂಬಂಧಪಟ್ಟ ಒಂದು ಗಂಭೀರ ಸತ್ಯ ಅಡಗಿದೆ. ಇಲ್ಲಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತ ಮಕ್ಕಳಲ್ಲಿ ಹಲವರ ಮನೆಮಾತು ಪುಸ್ತಕದ ಕನ್ನಡವಲ್ಲ. ಒಬ್ಬನ ಮನೆಯಲ್ಲಿ ತುಳು, ಇನ್ನೊಬ್ಬಳ ಮನೆಯಲ್ಲಿ ಕೊಂಕಣಿ, ಮತ್ತೊಂದು ಮನೆಯಲ್ಲಿ ಬ್ಯಾರಿ, ಮರಾಠಿ ಅಥವಾ ಹವ್ಯಕ ಕನ್ನಡ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಇಬ್ಬರೂ ಕನ್ನಡದ ದೊಡ್ಡ ಕವಿಗಳಾದರು. ಅಂದರೆ ಈ ನಾಡಿನಲ್ಲಿ ಕನ್ನಡವು ತಾಯಿ ಕಲಿಸಿದ ನುಡಿ ಎನ್ನುವುದಕ್ಕಿಂತ, ತಾಯಿ ಶಾಲೆಗೆ ಕಳುಹಿಸಿ ಕಲಿಸಿದ ನುಡಿ ಎನ್ನುವುದೇ ಅನೇಕ ಮನೆಗಳಿಗೆ ಒಪ್ಪುವ ಮಾತು. ಮನೆಯವರು ಮನಸ್ಸು ಮಾಡದಿದ್ದರೆ ಇಲ್ಲಿ ಕನ್ನಡ ಶಾಲೆಯು ಒಂದು ತಲೆಮಾರಿನಾಚೆಗೆ ಉಳಿಯುತ್ತಿರಲಿಲ್ಲ.

ಆಧುನಿಕ ಶಾಲೆಗಳು ಬರುವ ಮೊದಲು ಐಗಳ ಮಠಗಳಿದ್ದವು. ಯಾವುದಾದರೊಂದು ಮನೆಯ ಜಗಲಿಯೇ ತರಗತಿ, ಹರಡಿದ ಮರಳೇ ಹಲಗೆ. ಐಗಳಿಗೆ ಸಲ್ಲುತ್ತಿದ್ದ ಗೌರವ ಅಕ್ಕಿ, ತೆಂಗಿನಕಾಯಿ, ತರಕಾರಿಗಳ ರೂಪದಲ್ಲಿ ಮನೆಗಳಿಂದ ಬರುತ್ತಿತ್ತು. 1920ರ ಮದ್ರಾಸ್ ಪ್ರಾಥಮಿಕ ಶಿಕ್ಷಣ ಕಾಯಿದೆಯ ತರುವಾಯ ದಕ್ಷಿಣ ಕನ್ನಡ ಜಿಲ್ಲೆಯ ಈ ತೆಂಕಣ ತಾಲೂಕಿನ ಹಳ್ಳಿಗಳಲ್ಲಿಯೂ ಶಾಲೆಗಳು ಹೆಚ್ಚತೊಡಗಿದವು. ಕೆಲವು ಬೋರ್ಡ್ ಶಾಲೆಗಳು, ಕೆಲವು ಸರಕಾರದ ಸಹಾಯಧನ ಪಡೆದ ಖಾಸಗಿ ಶಾಲೆಗಳು. ಸಹಾಯಧನವೆಂಬುದು ಅಲ್ಪ, ಶಾಲೆಯನ್ನು ನಿಲ್ಲಿಸಿದ್ದು ಊರು. ಜಾಗ ಒಂದು ಮನೆಯದು, ಮರ ಇನ್ನೊಂದು ಮನೆಯದು. ಮುಳಿಹುಲ್ಲು ಹೊದೆಸುವ, ಮಡಲು ಹೆಣೆಯುವ ಕೆಲಸಕ್ಕೆ ಮಳೆಗಾಲದ ಮುನ್ನ ಪ್ರತಿವರ್ಷವೂ ಹೆತ್ತವರು ಬರಬೇಕಾಗುತ್ತಿತ್ತು. ಆಗ ರಕ್ಷಕ ಶಿಕ್ಷಕ ಸಂಘವೆಂಬ ಹೆಸರು ಯಾರಿಗೂ ತಿಳಿದಿರಲಿಲ್ಲ. ಮಾಡು ಸೋರಿದರೆ ಮಾತ್ರ ಯಾರನ್ನು ಕರೆಯಬೇಕೆಂಬುದು ಎಲ್ಲರಿಗೂ ತಿಳಿದಿತ್ತು.

ಈ ಹಂತದಲ್ಲಿ ಮನೆಯವರು ಕೊಟ್ಟದ್ದು ದುಡಿಮೆ ಮತ್ತು ವಸ್ತು. ಅವರಿಗೆ ಗೊತ್ತಿದ್ದ ವಿದ್ಯೆಯನ್ನು ಶಾಲೆ ಕೇಳಲಿಲ್ಲ. ಬೇಸಾಯ, ಮಳೆಯ ನಕ್ಷತ್ರಗಳ ಲೆಕ್ಕ, ಮದ್ದಿನ ಗಿಡ, ನೀರಿನ ಸೆಲೆ, ಯಕ್ಷಗಾನದ ತಾಳ ಇವು ಶಾಲೆಯ ಬಾಗಿಲ ಹೊರಗೇ ಉಳಿದವು.

ಆ ಬಾಗಿಲನ್ನು ತೆರೆಯುವ ಮೊದಲ ದೊಡ್ಡ ಯತ್ನ ವರ್ಧಾದಿಂದ ಬಂದಿತು. 1937ರ ಅಕ್ಟೋಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಅಲ್ಲಿ ಸೇರಿದ ಶಿಕ್ಷಣ ಸಮ್ಮೇಳನವು ಮಾತೃಭಾಷೆಯ ಮೂಲಕ, ಕೈಕಸುಬನ್ನು ನಡುವಿಟ್ಟು ಕಲಿಸಬೇಕೆಂದು ನಿರ್ಣಯಿಸಿತು. ಡಾ. ಜಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. ನೂಲುವ ತಕಲಿಯಿಂದ ಲೆಕ್ಕ, ಹತ್ತಿಯಿಂದ ಭೂಗೋಳ, ತೋಟದಿಂದ ವಿಜ್ಞಾನ ಎಂಬ ವಿಚಾರ ಅದು. ಇದಕ್ಕೂ ಮೊದಲು, 1918ರಲ್ಲಿ, ಅಮೆರಿಕದ ವಿಲಿಯಂ ಕಿಲ್‌ಪ್ಯಾಟ್ರಿಕ್ ಎಂಬ ಶಿಕ್ಷಣತಜ್ಞರು ಮಗು ತಾನೇ ಉದ್ದೇಶವಿಟ್ಟು ಮನಃಪೂರ್ವಕ ಮಾಡುವ ಕೆಲಸದಿಂದ ಕಲಿಯುವ ಕ್ರಮಕ್ಕೆ ಪ್ರಾಜೆಕ್ಟ್ ವಿಧಾನವೆಂಬ ಹೆಸರಿನಲ್ಲಿ ಪ್ರಬಂಧ ಬರೆದಿದ್ದರು. ಎರಡರ ಹಿನ್ನೆಲೆ ಬೇರೆಯಾದರೂ ಮಾಡಿ ಕಲಿಯಬೇಕೆಂಬ ತತ್ತ್ವ ಒಂದೇ. ಇಂದಿನ ಪ್ರಾಜೆಕ್ಟ್ ಪುಸ್ತಕಕ್ಕೆ ಈ ಎರಡು ಕಡೆಯ ಹಿರಿಯರಿದ್ದಾರೆ.

ಆದರೆ ಮನೆಯ ವಿದ್ಯೆಯನ್ನು ಶಾಲೆಗೆ ತರುವುದು ಬೇರೆ, ಮಗುವನ್ನು ಮನೆಯ ಕಸುಬಿಗೆ ಮರಳಿಸುವುದು ಬೇರೆ. ಈ ವ್ಯತ್ಯಾಸವನ್ನು ಮದ್ರಾಸ್ ರಾಜ್ಯವು 1953ರಲ್ಲಿ ಕಷ್ಟಪಟ್ಟು ಕಲಿಯಿತು. ಮುಖ್ಯಮಂತ್ರಿ ರಾಜಾಜಿಯವರು ಗ್ರಾಮಾಂತರ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆಯೊಂದನ್ನು ತಂದರು. ಶಾಲೆಯ ಅವಧಿ ಅರ್ಧಕ್ಕೆ ಇಳಿಯಿತು. ಮಿಕ್ಕ ಹೊತ್ತಿನಲ್ಲಿ ಮಗು ಮನೆಯಲ್ಲಿದ್ದು ಹೆತ್ತವರ ಕಸುಬನ್ನು ಕಲಿಯಬೇಕು. ಕಾಸರಗೋಡು ಆಗ ಅದೇ ರಾಜ್ಯದಲ್ಲಿತ್ತು. ಶಾಲೆಗಳ ಕೊರತೆ ಮತ್ತು ಹಣದ ಅಭಾವ ಯೋಜನೆಯ ಹಿಂದಿದ್ದ ಕಾರಣಗಳು. ವಿರೋಧಿಗಳು ಅದನ್ನು ಕುಲಕಸುಬಿನ ಶಿಕ್ಷಣವೆಂದು ಕರೆದರು. ಕ್ಷೌರಿಕನ ಮಗ ಕ್ಷೌರಿಕನಾಗಿಯೇ, ಕೂಲಿಯವನ ಮಗ ಕೂಲಿಯವನಾಗಿಯೇ ಉಳಿಯಲು ಶಾಲೆ ಏಕೆ ಎಂಬ ಪ್ರಶ್ನೆಗೆ ಸಮರ್ಪಕವಾದ ಉತ್ತರವಿರಲಿಲ್ಲ. 1954ರಲ್ಲಿ ರಾಜಾಜಿಯವರ ಬಳಿಕ ಅಧಿಕಾರಕ್ಕೆ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು.

ಈ ಪ್ರಸಂಗವನ್ನು ಶತಮಾನದ ಸಂಭ್ರಮದಲ್ಲಿ ನೆನೆಯಲು ಕಾರಣವಿದೆ. ಮನೆಯವರ ಸಹಭಾಗಿತ್ವ ಎಂಬ ಮಾತು ಸ್ವತಃ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ತಂದೆಗೆ ಗೊತ್ತಿರುವುದು ಮಗನಿಗೆ ಗಡಿಯಾದರೆ ಅದು ಅನ್ಯಾಯ; ಅದೇ ವಿದ್ಯೆ ಇಡೀ ತರಗತಿಯ ಎಲ್ಲ ಜಾತಿ, ಮತಗಳ ಮಕ್ಕಳ ಪುಸ್ತಕಕ್ಕೆ ಬಂದರೆ ಅದು ಶಿಕ್ಷಣ.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಆ ದಿನದಿಂದ ಹೆತ್ತವರ ಪಾಲಿಗೆ ಕನ್ನಡ ಶಾಲೆಯು ಒಂದು ಆಯ್ಕೆಯಾಯಿತು. ಆಡಳಿತದ ಭಾಷೆ ಮಲಯಾಳ. ಉದ್ಯೋಗದ ಅರ್ಜಿಯೂ ಕಚೇರಿಯ ಫಲಕವೂ ಅದೇ ಭಾಷೆಯಲ್ಲಿ. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯವನ್ನು ಒದಗಿಸಬೇಕೆಂದಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಬಡಗಣ ಭಾಗವು ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. ವಿಧಿಯು ಸೌಕರ್ಯವನ್ನು ಕೊಡಬಲ್ಲುದೇ ಹೊರತು ಮಗುವನ್ನು ತರಗತಿಗೆ ಕಳುಹಿಸಲಾರದು. ಜೂನ್ ತಿಂಗಳ ಮಳೆಯಲ್ಲಿ ಮಗುವಿನ ಕೈಹಿಡಿದು ಕನ್ನಡ ತರಗತಿಯ ಬಾಗಿಲಿಗೆ ತಂದು ಬಿಟ್ಟವರು ತಾಯಂದಿರು. ಬೀಡಿ ಕಟ್ಟುವ, ತೋಟದ ಕೆಲಸಕ್ಕೆ ಹೋಗುವ, ತಾವು ಓದದ ಆ ತಾಯಂದಿರ ನಿರ್ಧಾರಕ್ಕೆ ನಮ್ಮ ಹೋರಾಟದ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಸ್ಥಳ ಇನ್ನೂ ಸಿಕ್ಕಿಲ್ಲ.

1964ರಿಂದ 66ರವರೆಗೆ ಕೆಲಸಮಾಡಿದ ಕೊಠಾರಿ ಆಯೋಗವು ಕಾರ್ಯಾನುಭವವನ್ನು ಶಿಕ್ಷಣದ ಅಂಗವೆಂದಿತು. ಅಂದಿನಿಂದ ಮಡಲಿನ ಪೊರಕೆ, ತೆಂಗಿನ ಚಿಪ್ಪಿನ ಸೌಟು, ಅಡಿಕೆ ಹಾಳೆಯ ಮುಟ್ಟಾಳೆ, ಈಚಲ ಚಾಪೆಗಳು ಶಾಲೆಯ ಮೇಳಗಳಿಗೆ ಬಂದವು. ಅಜ್ಜಂದಿರ ಕೈಗೆ ಮೊದಲ ಬಾರಿ ಶಾಲೆಯಲ್ಲಿ ಮನ್ನಣೆ ದೊರಕಿತು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೂ ಸ್ಥಾನವಿರುವುದರಿಂದ ಮನೆಯ ಭಾಗವತರೂ ವೇಷಧಾರಿಗಳೂ ಶಾಲೆಯ ಗುರುಗಳಾದರು. ಪಾರ್ತಿಸುಬ್ಬನ ಕುಂಬಳೆಯ ನೆಲದಲ್ಲಿ ಇದು ತೀರ ಸಹಜವಾದುದು.

ನಿಜವಾದ ತಿರುವು ಬಂದುದು 1990ರ ದಶಕದಲ್ಲಿ. 1991ರ ಏಪ್ರಿಲ್ 18ರಂದು ಕೇರಳವು ಸಂಪೂರ್ಣ ಸಾಕ್ಷರವೆಂದು ಘೋಷಿತವಾಯಿತು. ಮಕ್ಕಳನ್ನು ಓದಿಸುತ್ತಿದ್ದ ಹಲವು ಹಿರಿಯರು ಆ ಆಂದೋಲನದಲ್ಲಿ ತಾವೂ ಅಕ್ಷರ ತಿದ್ದಿದರು. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ ಆರಂಭವಾದಾಗ ಕೇರಳದಲ್ಲಿ ಮೊದಲು ಆಯ್ಕೆಯಾದ ಮೂರು ಜಿಲ್ಲೆಗಳಲ್ಲಿ ಕಾಸರಗೋಡು ಒಂದು. ಉಳಿದವು ವಯನಾಡು ಮತ್ತು ಮಲಪ್ಪುರಂ. ಚಟುವಟಿಕೆಯಾಧಾರಿತ ಕಲಿಕೆ ಅದರೊಂದಿಗೆ ಬಂದಿತು. ಮಗ್ಗಿ ಹೇಳಿಸುವುದಿಲ್ಲ, ಕಾಗುಣಿತ ಬರೆಸುವುದಿಲ್ಲ ಎಂದು ಹೆತ್ತವರು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ನ್ಯಾಯವೂ ಇತ್ತು. ಅಧ್ಯಾಪಕರು ಮಲಯಾಳದ ಕೈಪಿಡಿಗಳನ್ನು ತಾವೇ ಕನ್ನಡಕ್ಕೆ ತಂದುಕೊಂಡು ಪಾಠ ಮಾಡಬೇಕಾದ ಸಂದರ್ಭಗಳೂ ಇದ್ದವು. 2005ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಗ್ರೇಡ್ ಪದ್ಧತಿ ಬಂದ ಮೇಲೆ ಪ್ರಾಜೆಕ್ಟ್, ಅಸೈನ್‌ಮೆಂಟ್, ಸೆಮಿನಾರ್ ಎಂಬ ಪದಗಳು ತೋಟದ ಮನೆಗಳಲ್ಲಿಯೂ ಕೇಳಿಬಂದವು.

ಆ ವರ್ಷಗಳಲ್ಲಿ ಅಧ್ಯಾಪಕನಾಗಿದ್ದ ನನಗೆ ಒಂದು ಪುಸ್ತಕ ಮರೆಯದು. ಊರಿನ ನೀರಿನ ಮೂಲಗಳನ್ನು ಕುರಿತು ಬರೆದು ತರಲು ಏಳನೆಯ ತರಗತಿಗೆ ಹೇಳಿದ್ದೆ. ಹುಡುಗಿಯೊಬ್ಬಳು ಸುರಂಗವನ್ನು ಆರಿಸಿಕೊಂಡಳು. ಮುರಕಲ್ಲಿನ ಗುಡ್ಡೆಯ ಬದಿಯಿಂದ ಅಡ್ಡವಾಗಿ ಕೊರೆದು, ಒಬ್ಬ ಮನುಷ್ಯ ನುಸುಳುವಷ್ಟು ಅಗಲದಲ್ಲಿ ಒಳಸಾಗಿ, ಒಸರುವ ನೀರನ್ನು ಯಂತ್ರವಿಲ್ಲದೆ ಹೊರಗೆ ಹರಿಸುವ ನಮ್ಮ ಸುರಂಗಗಳ ವಿಷಯ ಬಾಯಾರಿನ ಕಡೆಯವರಿಗೆ ಹೇಳಬೇಕಾಗಿಲ್ಲ. ಅವಳ ಅಜ್ಜ ಸುರಂಗ ತೋಡಿದವರು, ಓದುಬರಹ ತಿಳಿಯದವರು, ಮಾತು ತುಳು. ಪುಸ್ತಕದ ಪ್ರತಿ ಹಾಳೆಯ ಎಡಬದಿಯಲ್ಲಿ ಅಜ್ಜ ಹೇಳಿದ್ದು, ಬಲಬದಿಯಲ್ಲಿ ತಾನು ನೋಡಿದ್ದು ಎಂದು ಅವಳು ಬರೆದಿದ್ದಳು. ಯಾವ ಗಿಡ ಹಸುರಾಗಿ ನಿಂತ ಕಡೆ ಅಗೆಯಬೇಕು, ಕೋಲಿನ ಅಳತೆ ಹೇಗೆ, ಒಳಗೆ ಗಾಳಿ ಸಾಲದಾಗ ದೀಪ ಹೇಗೆ ಮಂಕಾಗುತ್ತದೆ, ಆಗ ಏಕೆ ಹೊರಬರಬೇಕು ಎಂಬುದೆಲ್ಲ ಅಲ್ಲಿತ್ತು. ತುಳುವಿನ ಹೆಸರುಗಳನ್ನು ಅವಳು ಬಿಡಲಿಲ್ಲ. ಕನ್ನಡ ಲಿಪಿಯಲ್ಲಿ ಬರೆದು ಪಕ್ಕದಲ್ಲಿ ಅರ್ಥ ಕೊಟ್ಟಿದ್ದಳು. ಪ್ರದರ್ಶನದ ದಿನ ಅಜ್ಜ ಶಾಲೆಗೆ ಬಂದರು. ಆ ಪುಸ್ತಕವನ್ನು ಮೊಮ್ಮಗಳಿಂದ ಓದಿಸಿ ಕೇಳಿ, ಒಂದು ಅಳತೆ ತಪ್ಪಾಗಿದೆಯೆಂದು ತಿದ್ದಿಸಿದರು. ನಮ್ಮ ಶಾಲೆ ಏಕಿರಬೇಕು ಎಂಬ ಪ್ರಶ್ನೆಗೆ ನನಗೆ ಅಂದು ಉತ್ತರ ದೊರಕಿತು. ಹಲವು ಮನೆಮಾತುಗಳಲ್ಲಿ ಚದುರಿದ ವಿದ್ಯೆ ಕನ್ನಡದ ಬರಹವಾಗಿ ಎಲ್ಲರದಾಗುವ ಸ್ಥಳ ಇದು.

ಎಲ್ಲ ಪ್ರಾಜೆಕ್ಟುಗಳೂ ಹೀಗಿರಲಿಲ್ಲ ಎಂಬುದನ್ನೂ ದಾಖಲಿಸಬೇಕು. ಅಂಗಡಿಯಿಂದ ತಂದ ಚಾರ್ಟು, ಇಂಟರ್ನೆಟ್ಟಿನಿಂದ ತೆಗೆಸಿದ ಹಾಳೆ, ರಾತ್ರಿ ಹನ್ನೊಂದರವರೆಗೆ ತಂದೆಯೇ ಕುಳಿತು ಅಂಟಿಸಿದ ಥರ್ಮೋಕೋಲ್ ಮನೆ ಇವುಗಳಿಗೆ ನಾವು ಅಂಕ ಕೊಟ್ಟಿದ್ದೇವೆ. ಬಣ್ಣದ ಮುದ್ರಣಕ್ಕೆ ಹಣವಿಲ್ಲದ ಮನೆಯ ಮಗು ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿದ್ದನ್ನೂ ಕಂಡಿದ್ದೇವೆ. ಅಂಕಕ್ಕಾಗಿ ಮನೆಯವರು ಮಾಡಿಕೊಟ್ಟ ಕೆಲಸ ಸಹಭಾಗಿತ್ವವಲ್ಲ. ಅದಕ್ಕಿಂತ ದೊಡ್ಡ ತಪ್ಪು ಅಧ್ಯಾಪಕರಾದ ನಮ್ಮದು. ನಾನು ದುಡಿದ ಶಾಲೆಯೊಂದರಲ್ಲಿ ವರ್ಷಾಂತ್ಯದಲ್ಲಿ ಕಪಾಟು ತೆರವು ಮಾಡುವಾಗ ಪ್ರಾಜೆಕ್ಟ್ ಪುಸ್ತಕಗಳೆಲ್ಲ ಗುಜರಿಗೆ ಹೋದವು. ಸುರಂಗದ ಪುಸ್ತಕವೂ ಅವುಗಳೊಡನೆ ಹೋಯಿತು. ತಡೆಯಬಹುದಾಗಿದ್ದ ನಾನು ತಡೆಯಲಿಲ್ಲ. ಕೆಲವು ವರ್ಷಗಳಲ್ಲಿ ಅಜ್ಜನೂ ತೀರಿಕೊಂಡರು.

2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲಾ ನಿರ್ವಹಣಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ವಿಧಿಸಿದೆ. ಮಾಡಿಗೆ ಮುಳಿ ಹೊದೆಸಿದವರ ಮೊಮ್ಮಕ್ಕಳಿಗೆ ಈಗ ಕಾಯಿದೆಯೇ ಕುರ್ಚಿ ಕೊಟ್ಟಿದೆ. 2020ರ ಜೂನ್‌ನಲ್ಲಿ ಶಾಲೆಯ ಗಂಟೆ ಬಾರಿಸದೆ ಪಾಠಗಳು ಟಿ.ವಿ., ಮೊಬೈಲುಗಳಿಗೆ ಬಂದಾಗ ತಾಯಂದಿರೇ ಸಹಾಧ್ಯಾಪಕಿಯರಾದುದನ್ನು ನಾವೆಲ್ಲ ಕಂಡಿದ್ದೇವೆ. ಅದೇ ಹೊತ್ತಿಗೆ ಇಂಗ್ಲಿಷ್ ಮಾಧ್ಯಮದ ಬಸ್ಸು ನಮ್ಮ ಗೇಟಿನ ಮುಂದೆಯೇ ಹಾದು ಹೋಗುತ್ತಿದೆ. ಅದರಲ್ಲಿ ಕುಳಿತ ಮಕ್ಕಳಲ್ಲಿ ನಮ್ಮ ಹಳೆವಿದ್ಯಾರ್ಥಿಗಳ ಮಕ್ಕಳೂ ಇದ್ದಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಮಗುವಿನ ಭವಿಷ್ಯದ ಚಿಂತೆ ಎಲ್ಲ ಹೆತ್ತವರದೂ ಒಂದೇ. ಆದರೆ ಆ ಮಗು ಮನೆಯ ಅಜ್ಜಿಯಿಂದ ಕೇಳಿದ್ದನ್ನು ಯಾವ ಭಾಷೆಯಲ್ಲಿ ಬರೆದಿಡುತ್ತದೆ, ಬರೆದುದನ್ನು ಅಜ್ಜಿಗೆ ಓದಿ ಹೇಳಬಲ್ಲುದೇ ಎಂಬ ಪ್ರಶ್ನೆಯನ್ನು ನಾವು ವಿನಯದಿಂದ ಮುಂದಿಡಬಹುದು.

ಶತಮಾನೋತ್ಸವದ ನೆನಪಿಗೆ ಕಮಾನು, ಸಭಾಂಗಣ, ರಂಗಮಂಟಪಗಳ ಸಲಹೆಗಳು ಬಂದಿವೆ, ಎಲ್ಲವೂ ಬೇಕಾದವೇ. ನನ್ನದೊಂದು ಚಿಕ್ಕ ಸಲಹೆಯಿದೆ. ಗೆದ್ದಲು ಹಿಡಿಯದ ಒಂದು ಕಪಾಟು ಬೇಕು. ಪ್ರತಿವರ್ಷ ಪ್ರತಿ ತರಗತಿಯಿಂದ, ಮನೆಯ ಹಿರಿಯರನ್ನು ಕೇಳಿ ಮಗು ತನ್ನ ಕೈಬರಹದಲ್ಲಿ ಬರೆದ ಕೆಲವು ಪುಸ್ತಕಗಳನ್ನು ಆರಿಸಿ ಅದರಲ್ಲಿಡಬೇಕು. ಬಣ್ಣದ ಹಾಳೆ ಬೇಡ. ಹೇಳಿದವರ ಹೆಸರು, ಊರು, ಅವರ ಮನೆಮಾತಿನ ಶಬ್ದಗಳು ಇರಲಿ. ಹಳೆವಿದ್ಯಾರ್ಥಿಗಳ ಮನೆಯ ಅಟ್ಟದಲ್ಲಿ ಇಂತಹ ಹಳೆಯ ಪುಸ್ತಕಗಳೇನಾದರೂ ಉಳಿದಿದ್ದರೆ ಅವನ್ನೂ ದಯವಿಟ್ಟು ತಂದುಕೊಡಬೇಕು. ಇನ್ನೊಂದು ನೂರು ವರ್ಷಗಳ ಬಳಿಕ ಈ ಶಾಲೆಯ ಚರಿತ್ರೆಯನ್ನು ಬರೆಯುವವರಿಗೆ ಹಾಜರಿ ಪಟ್ಟಿಯ ಜೊತೆಗೆ ಮನೆಗಳ ದನಿಯೂ ಸಿಗಲಿ. ಕಪಾಟಿನ ಖರ್ಚನ್ನು ಈ ಲೇಖಕನೇ ವಹಿಸಿಕೊಳ್ಳುವನು. ಅದನ್ನು ತುಂಬಿಸುವ ಹೊಣೆಯನ್ನು ಮಕ್ಕಳೂ ಮನೆಯವರೂ ವಹಿಸಿಕೊಳ್ಳಬೇಕೆಂದು ವಿನಂತಿ.